ಗೋಲಿ ಆಟವೂ ಧಾರೆ ರವಿಕೆಯೂ

ಮದ್ದೂರಿನಲ್ಲಿ ನನ್ನದೊಂದು ಪುಟ್ಟ ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಲೈನಿಂಗ್, ಫಾಲ್ಸ್ ಮಾರುತ್ತೇನೆ. ಮೊಬೈಲಿಗೆ ಗೋಲಿ ಆಟ ಹಾಕಿಕೊಂಡ ಮೇಲಂತೂ ಏನಾದರೊಂದು ಎಡವಟ್ಟು ಆಗದೆ ವಾರ ಕಳೆದದ್ದೇ ಇಲ್ಲ.

೧. ಆಟದ ರುಚಿ

ಬಣ್ಣಬಣ್ಣದ ಗೋಲಿಗಳ ಸಾಲು ಗುಂಡಿಯತ್ತ ತೆವಳುತ್ತಿರುತ್ತದೆ. ನಾವು ಗೋಲಿ ಹೊಡೆಯಬೇಕು. ಒಂದೇ ಬಣ್ಣದ ಮೂರು ಸೇರಿದರೆ ಢಬ್ ಅಂತ ಮಾಯ. ಸಾಲು ಗುಂಡಿಗೆ ಬಿದ್ದರೆ ನಾವು ಸೋತಂತೆ.

"ದಿನಾ ಬಣ್ಣ ಹೊಂದಿಸಿ ಸಾಕಾಗಿಲ್ವಾ ನಿಂಗೆ?" ಎಂದರು ನಮ್ಮ ಯಜಮಾನರು.

"ಈ ಗೋಲಿಗಳು 'ಇನ್ನೊಂಚೂರು ಡಾರ್ಕ್ ತೋರ್ಸಿ' ಅನ್ನಲ್ಲ ಕಣ್ರೀ" ಎಂದೆ.

ಮರುದಿನ ನೋಡಿದರೆ, ನಾನು ಮೂವತ್ತನೇ ಹಂತದಲ್ಲಿ ಬಿಟ್ಟಿದ್ದ ಆಟ ಮೂವತ್ತೆಂಟಕ್ಕೆ ಬಂದಿತ್ತು.

೨. ನಿಡಘಟ್ಟದ ಬಸ್ಸು

ಆಟಕ್ಕೆ ಐಬುಗಳೂ ಇವೆ. ಗುರಿಯಿಡುವ ಹೊತ್ತಿಗೇ ಸೋಪಿನ ಜಾಹೀರಾತು ನುಗ್ಗುತ್ತದೆ. ಎಷ್ಟು ಹಂತ ದಾಟಿದರೂ ಅದೇ ಸಾಲು, ಅದೇ ಗುಂಡಿ. ಆದರೂ ನಡುವೆ ಬಿಟ್ಟೇಳಲು ಆಗುವುದಿಲ್ಲ, ಅದೇ ದೊಡ್ಡ ಐಬು.

ನಿಡಘಟ್ಟದ ಹೆಂಗಸೊಬ್ಬಳು ಫಾಲ್ಸಿಗೆ ಬಂದಳು. "ಬೇಗ ಕೊಡಕ್ಕ, ಬಸ್ಸು ಓಯ್ತದೆ."

"ಒಂದ್ನಿಮ್ಸ ಕಣಮ್ಮ, ಗುಂಡಿ ತಾವ ಬಂದ್ಬುಟ್ಟದೆ."

ಆಕೆ ಬಗ್ಗಿ ನೋಡಿದಳು. "ನೀಲಿ ಎಡಕ್ ಒಡಿಯಕ್ಕ! ಎಡಕ್ಕೆ!" ಎಂದು ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದಳು. ಗೋಲಿ ಬಲಕ್ಕೆ ಹೋಯಿತು, ಸಾಲು ಗುಂಡಿಗೆ ಹೋಯಿತು, ಬಸ್ಸೂ ಹೋಯಿತು.

ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಆಕೆ ಸ್ಟೂಲ್ ಎಳೆದುಕೊಂಡು ಕೂತಳು. "ಇನ್ನೊಂದು ಬಸ್ಸು ಬರಾಗಂಟ ಇತ್ತ ಕೊಡಕ್ಕ, ನಿಂಗ್ ಬರಾಕಿಲ್ಲ."

೩. ಧಾರೆ ರವಿಕೆ

ಮಳವಳ್ಳಿಯ ತಾಯಿಯೊಬ್ಬರು ಮಗಳ ಧಾರೆ ಸೀರೆ ತಂದರು. ಮದುವೆಗೆ ಎರಡೇ ದಿನ. ಟೈಲರ್ ಅವತ್ತೇ ಬಟ್ಟೆ ಕೇಳಿದ್ದ. ಸೀರೆ, ಬಟ್ಟೆ ಎರಡನ್ನೂ ಬೀದಿ ಬಿಸಿಲಿಗೆ ಹಿಡಿದು ನೋಡದೆ ನಾವು ಕತ್ತರಿ ಹಾಕುವುದಿಲ್ಲ, ಟ್ಯೂಬ್‌ಲೈಟ್ ಮೋಸ ಮಾಡುತ್ತದೆ. ಅವತ್ತು ಗೋಲಿ ಸಾಲು ಗುಂಡಿಯ ಬಾಯಲ್ಲಿತ್ತು. ಒಂದು ಕಣ್ಣು ಮೊಬೈಲ್ ಮೇಲಿಟ್ಟೇ ಕತ್ತರಿಸಿಬಿಟ್ಟೆ.

ಆಕೆ ಬಟ್ಟೆ ಹಿಡಿದು ಬೀದಿಗಿಳಿದರು. ವಾಪಸ್ ಬಂದಾಗ ಮುಖ ಬಿಳಿಚಿಕೊಂಡಿತ್ತು. ಸೀರೆ ಮೆರೂನ್, ಬಟ್ಟೆ ಅಪ್ಪಟ ನೇರಳೆ! ಅಂಗಡಿಯೆಲ್ಲ ತಡಕಿದೆ, ಮೆರೂನ್ ಒಂದು ಗೇಣೂ ಉಳಿದಿರಲಿಲ್ಲ.

"ಮಗಳ ಧಾರೆ ಕಣವ್ವ! ಬೀಗರ ಮುಂದೆ ಮಾನ ಓಯ್ತದೆ!"

"ಈಗ ಇದೇ ಫ್ಯಾಷನ್ನು ಕಣಮ್ಮ, ಬೇರೆ ಬಣ್ಣನೇ ಆಕದು" ಎಂದು ಸುಳ್ಳು ಹೇಳಿದೆ. ಆಕೆ ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿ, ಬಟ್ಟೆ ತೆಗೆದುಕೊಂಡು ಹೋದರು.

ಧಾರೆ ಮುಗಿಯುವವರೆಗೆ ನನಗೆ ಅನ್ನ ಸೇರಲಿಲ್ಲ. ಹೆಣ್ಣುಮಗಳ ಮದುವೆ ಕೆಡಿಸಿದೆನಲ್ಲ ಎಂದು ಸಂಕಟ. ಆಟವನ್ನು ಮೊಬೈಲಿನಿಂದಲೇ ತೆಗೆದುಹಾಕಿದೆ.

ಮುಂದಿನ ವಾರ ಗಂಡಿನ ತಾಯಿ ಅಂಗಡಿಗೇ ಬಂದರು, ಕೈಯಲ್ಲಿ ಮೂರು ಸೀರೆ. "ನಮ್ ಸೊಸೆಗೆ ರವಿಕೆ ಬಟ್ಟೆ ಕೊಟ್ಟೋರು ನೀವೇ ಅಲ್ವಾ?"

ನಾನು ಮೊಬೈಲನ್ನು ಗಲ್ಲಾದೊಳಗೆ ತಳ್ಳಿ, ಹೌದೆಂದು ತಲೆಯಾಡಿಸಿದೆ.

"ನಮ್ ಕಡೆ ಎಣ್ಮಕ್ಕಳ ಕಣ್ಣೆಲ್ಲ ಅದ್ರ ಮ್ಯಾಲೇ ಇತ್ತು. ಈ ಮೂರುಕ್ಕೂ ಅಂಗೇ ಕೊಡಿ."

ಹೋದ ಜೀವ ಬಂತು. ಈ ಸಲ ತಪ್ಪಬಾರದೆಂದು ಸೀರೆ ಎತ್ತಿಕೊಂಡು ಬೀದಿಯತ್ತ ಹೊರಟೆ. ಆಕೆ ನನ್ನ ಕೈ ಹಿಡಿದುಕೊಂಡರು.

"ಬಿಸ್ಲಿಗೆ ಓಗ್ಬ್ಯಾಡಿ. ನಮ್ ಬೀಗಿತ್ತಿ ಎಲ್ಲಾ ಯೋಳವ್ರೆ, ಮೊಬೈಲ್ ನೋಡ್ಕಂಡೇ ಕತ್ತರಿಸ್ಬೇಕಂತೆ."