ನಮ್ಮ ಸೀರೆಗಳಿಗೆ ಬಾಯಿ ಬಂದದ್ದು

ನನ್ನ ಬಾಯಿಯ ವಿಷಯ ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನಿಮಗೆ ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಕಂಡದ್ದನ್ನು ಕಂಡ ಹಾಗೆ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮದುವೆ ಊಟದ ಹುಗ್ಗಿಗೆ ಬೆಲ್ಲ ಕಡಿಮೆ ಬಿದ್ದಿದ್ದರೆ, ನಾನು ಕೂತ ಪಂಕ್ತಿಯ ಕೊನೆಯವರಿಗೆ ಹುಗ್ಗಿಗಿಂತ ಮೊದಲು ಆ ಸುದ್ದಿ ಮುಟ್ಟಿರುತ್ತದೆ. ಇಂಥವಳ ಕೈಗೆ ಮನೆಯವರು ಫೋನು ಕೊಟ್ಟರು. ಮೊದಮೊದಲು ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಅದನ್ನು ಕೇಳುವವರಿಗೆ ಕಿವಿಗೆ ಹಿಡಿದು ಕೇಳುವ ಬುದ್ಧಿ ಇರಬೇಕಲ್ಲ? ಮಂದಿಯ ನಡುವೆ ಹಚ್ಚಿಬಿಡುತ್ತಿದ್ದರು. ನಾನು ಯಾರ ವಿಷಯ ಹೇಳಿರುತ್ತಿದ್ದೆನೋ ಅವರೇ ಪಕ್ಕದಲ್ಲಿ ಚಹಾ ಕುಡಿಯುತ್ತ ಕೂತಿರುತ್ತಿದ್ದರು. ಎರಡು ಮನೆಗಳ ಜೊತೆ ಮಾತು ನಿಂತ ಮೇಲೆ ಮೊಮ್ಮಗಳು ನನಗೆ ಟೈಪ್ ಮಾಡುವುದನ್ನು ಕಲಿಸಿದಳು. "ಆಯೀ, ಇನ್ನ ಬೇಕಾದ್ದು ಬರಿ. ಟೈಪ್ ಮಾಡಿದ್ದು ಯಾರಿಗೂ ಕೇಳಂಗಿಲ್ಲ" ಎಂದಳು. ಒತ್ತಕ್ಷರ ಹುಡುಕುವುದರಲ್ಲಿ ಒಲೆಯ ಮೇಲಿನ ಬೇಳೆ ಸೀದು ಹೋಗುತ್ತಿತ್ತು, ಆದರೂ ಕಲಿತೆ. ಯಾರಿಗೂ ಕೇಳದ ಮಾತು ಎಂದರೆ ನನ್ನಂಥವಳಿಗೆ ತವರಿನ ದಾರಿ ಸಿಕ್ಕ ಹಾಗೆ.

ನಮ್ಮದು ಸಿದ್ಧೇಶ್ವರ ಗುಡಿಯ ಹತ್ತಿರ ಸೀರೆ ಅಂಗಡಿ. ನನ್ನ ಯಜಮಾನರ ನಂತರ ಈಗ ಗಲ್ಲಾದ ಮೇಲೆ ಕೂಡುವವನು ಮಗ ಮಲ್ಲಿಕಾರ್ಜುನ. ಸೊಸೆ ಶೋಭಾ ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿ, ಅಥಣಿ ರಸ್ತೆಯ ನಮ್ಮ ಮನೆಯಿಂದಲೇ ಅದನ್ನು ನಡೆಸುತ್ತಾಳೆ. ಅವಳ ಕೈ ಹಿಟ್ಟಿನಲ್ಲಿದ್ದರೆ ಬಂದ ಫೋನು ಎತ್ತುವುದು ನನ್ನ ಕೆಲಸ. ಹಾಗೆ ಒಂದು ಮಧ್ಯಾಹ್ನ ಎತ್ತಿದೆ.

"ಅವ್ವಾರ, ನಾ ಟಿಕೋಟಾದಿಂದ ಸುವರ್ಣಾ ಅಂತ ಮಾತಾಡಾಕತ್ತೇನ್ರಿ. ಸಾಲ್ಯಾಗ ಸಂಗೀತ ಕಲಸ್ತೇನಿ. ನನಗ ಕಣ್ಣು ಕಾಣಂಗಿಲ್ರಿ. ಫೋನ ನನಗ ಎಲ್ಲಾ ಓದಿ ಹೇಳತೈತಿ. ಆದ್ರ ನಿಮ್ಮ ಅಂಗಡಿ ವೆಬ್‌ಸೈಟ್ ತಗದ್ರ ಬರೇ 'ಚಿತ್ರ, ಚಿತ್ರ, ಬಟನ್, ಚಿತ್ರ, ಬಟನ್' ಅಂತೈತ್ರಿ. ಭಜನಿ ಮಾಡಿದಂಗ."

"ಟಿಕೋಟಾ ಏನ್ ದೂರ್ರಿ ಟೀಚರ? ಬಸ್ ಹತ್ತಿ ಅಂಗಡಿಗೇ ಬಂದುಬಿಡ್ರಿ. ಮುಟ್ಟಿ ನೋಡಿ ತಗೊಳ್ಳಾಕ ಬರ್ತದ" ಎಂದೆ.

"ಬಂದಿದ್ನಿರಿ, ನಾದಿನಿನ್ನ ಕರಕೊಂಡು. ಗಲ್ಲಾದ ಮ್ಯಾಲಿದ್ದವರು ನನಗ ಕೇಳಲಿಲ್ಲ. 'ಅವರಿಗೆ ಯಾವ ಬಣ್ಣ ಬೇಕಂತ್ರಿ?' ಅಂತ ನಾದಿನಿಗೆ ಕೇಳಿದ್ರು. ಕಣ್ಣಿಲ್ಲ ಅಂದ್ರ ಬಾಯೂ ಇಲ್ಲಂತ ತಿಳಕೊಂಡ್ರು ನೋಡ್ರಿ. ನಾದಿನಿ ಬೂದಿ ಬಣ್ಣ ಅಂದ್ಳು. ಆಕಿ ಯಾವಾಗೂ ಅದನ್ನ ಅನ್ನಾಕಿ. ಮುಂದಿನ ತಿಂಗಳ ನನ್ನ ನಿವೃತ್ತಿ ಐತ್ರಿ. ಸಾಲ್ಯಾಗ ಸತ್ಕಾರ ಇಟ್ಟಾರ. ಆ ದಿನದ ಸೀರಿ ನಾನ ಆರಸ್ಬೇಕಂತ ಮಾಡೇನಿ. ಜನ್ಮದಾಗ ಒಂದಾದ್ರೂ."

ಗಲ್ಲಾದ ಮೇಲಿದ್ದವರು ಯಾರು ಎಂದು ನನಗೆ ಗೊತ್ತು. ಹೆತ್ತವಳಲ್ಲವೇ. ಅದೊಂದು ಮಾತನ್ನು ಮಾತ್ರ ನುಂಗಿಕೊಂಡೆ.

ಶೋಭಾ ಒಳ್ಳೆಯ ಹುಡುಗಿ. ವಿಷಯ ಕೇಳಿದವಳೇ ವೆಬ್‌ಸೈಟ್ ಮಾಡಿಕೊಟ್ಟಾಕೆಗೆ ಫೋನು ಮಾಡಿದಳು. ಬಟನ್ನುಗಳಿಗೆ ಹೆಸರು ಬರೆಯಬೇಕು, ವಿಳಾಸ ತುಂಬುವ ಖಾಲಿ ಚೌಕಗಳಿಗೆ ಇದು ಊರು, ಇದು ಪಿನ್‌ಕೋಡು ಎಂದು ಗುರುತು ಹಚ್ಚಬೇಕು, ಮೇಲುಗಡೆ ತಾನಾಗಿಯೇ ಓಡುವ ಫೋಟೊಗಳನ್ನು ನಿಲ್ಲಿಸಬೇಕು ಎಂದು ಆಕೆ ಹೇಳಿದಳು. ನಾನೂ ಈ ಸಂದಿಯಲ್ಲಿ ನನ್ನದೊಂದು ತಕರಾರು ತೂರಿಸಿದೆ. ಬಿಳಿಯ ಮೇಲೆ ತಿಳಿ ಬೂದಿ ಬಣ್ಣದ ಅಕ್ಷರ ಹಾಕಿದ್ದರು. ಅಕ್ಕಿ ಹಿಟ್ಟು ಹರವಿ ಅದರ ಮೇಲೆ ಅಕ್ಕಿ ಹಿಟ್ಟಿನಿಂದಲೇ ರಂಗೋಲಿ ಬಿಟ್ಟ ಹಾಗಿತ್ತು. ಪೊರೆ ತೆಗೆಸಿದ ನನ್ನ ಕಣ್ಣಿಗೆ ಅದು ಕಾಣುವುದು ಹೇಗೆ? ಅಕ್ಷರ ಕಪ್ಪಾದವು, ದಪ್ಪವಾದವು. ಉಳಿದದ್ದು ಫೋಟೊ. ಪ್ರತಿ ಫೋಟೊದ ಹಿಂದೆ ನಾಲ್ಕು ಮಾತು ಬರೆಯಲು ಜಾಗ ಇರುತ್ತದಂತೆ. ಬರೆದದ್ದು ಪರದೆಯ ಮೇಲೆ ಕಾಣುವುದಿಲ್ಲ. ಕಣ್ಣು ಕಾಣದವರ ಫೋನು ಮಾತ್ರ ಅದನ್ನು ಓದಿ ಹೇಳುತ್ತದೆ.

ಶೋಭಾ ಎಲ್ಲ ಫೋಟೊಗಳ ಹಿಂದೆ 'ಸೀರೆ ಒಂದು', 'ಸೀರೆ ಎರಡು' ಎಂದು ಬರೆದಳು. ಟೀಚರ್ ಫೋನು ಬಂತು. "ಸೀರಿ ಅಂತ ಗೊತ್ತೈತ್ರೀ ಯವ್ವಾ. ಸೀರಿ ಅಂಗಡ್ಯಾಗ ಎಮ್ಮಿ ಮಾರ್ತೀರೇನು?" ಆಮೇಲೆ ಮಗ ತಾನು ಬರೆಯುತ್ತೇನೆ ಎಂದು ಕೂತ. ಅವನಿಗೆ ದೀಪಾವಳಿ ಜಾಹೀರಾತಿನ ಭಾಷೆ ಬಿಟ್ಟು ಬೇರೆ ಬರುವುದಿಲ್ಲ. 'ನಯನಮನೋಹರ ಸೀರೆ', 'ಅತ್ಯಂತ ನಯನಮನೋಹರ ಸೀರೆ' ಎಂದು ಬರೆದ. ಮತ್ತೆ ಫೋನು ಬಂತು. "ಅಂಗಡಿ ತುಂಬ ನಯನಮನೋಹರ ಅದಾವ್ರಿ ನಿಮ್ಮಲ್ಲಿ. ಅದರಾಗ ಹಸರು ಯಾವುದು, ಕೆಂಪು ಯಾವುದು ಹೇಳ್ರಿ, ಸಾಕು." ಮಗ ಕೈ ಚೆಲ್ಲಿದ. ಕೆಲಸ ನನ್ನ ಪಾಲಿಗೆ ಬಂತು.

ಬರಬೇಕಾದವಳ ಹತ್ತಿರವೇ ಬಂತು ಎನ್ನಿ. ನನ್ನ ತವರು ನಿಡೋಣಿ. ಅಲ್ಲಿ ನನ್ನ ಆಯಿಗೆ, ಎಂದರೆ ಅಜ್ಜಿಗೆ, ಮುಪ್ಪಿನಲ್ಲಿ ಕಣ್ಣು ಹೋಗಿದ್ದವು, ಆದರೆ ಊರಿನ ಸುದ್ದಿಯ ಆಸೆ ಹೋಗಿರಲಿಲ್ಲ. ಪಡಸಾಲೆಯಲ್ಲಿ ಕೂತು, ಒಳಗೆ ಬಂದ ಹೆಂಗಸರು ಏನು ಉಟ್ಟಿದ್ದಾರೆ ಎಂದು ನನ್ನ ಕಿವಿ ಹಿಂಡಿ ಕೇಳುತ್ತಿದ್ದಳು. ನಾನು ಗುಟ್ಟಾಗಿ ಹೇಳಬೇಕು. 'ಕೆಂಪು' ಎಂದರೆ ಅವಳಿಗೆ ಸಾಲದು. "ಯಾವ ಕೆಂಪು ಬೇ? ಕುಂಕುಮದ್ದೋ, ಹಣ್ಣ ಮೆಣಸಿನಕಾಯಿದೋ, ಹಂಚಿಂದೋ? ಹೊಸದೋ, ತೊಳದದ್ದೋ? ಆಕಿಗೆ ಒಪ್ಪೇತೋ ಇಲ್ಲೋ?" ಹೀಗೆ ತಾಲೀಮು ಆದವಳು ನಾನು.

ಮೊದಲ ಕೆಲವನ್ನು ಶೋಭಾ ಓದಿ ನೋಡಿ ಸರಿ ಎಂದಳು. 'ಕೆಂಪು, ಹಣ್ಣ ಮೆಣಸಿನಕಾಯಿ ಕೆಂಪು. ದಡಿ ಕಪ್ಪು, ನಾಲ್ಕು ಬೊಟ್ಟು ಅಗಲ. ಮೈ ಹತ್ತಿ, ಸೆರಗು ರೇಷ್ಮಿ.' ಆಮೇಲೆ ಅವಳಿಗೆ ಪಾರ್ಸಲ್ ಕಟ್ಟುವ ಗದ್ದಲ, ಓದುವುದನ್ನು ಬಿಟ್ಟಳು. ನಾನು ಬಿಡಲಿಲ್ಲ. ಯಾರಿಗೂ ಕಾಣದ ಜಾಗ, ಯಾರಿಗೂ ಕೇಳದ ಟೈಪು. ಟೀಚರ್ ಮತ್ತು ನಾನು ಅಂಗಡಿಯ ಮೂಲೆಯಲ್ಲಿ ತಲೆಗೆ ತಲೆ ಹಚ್ಚಿ ಮಾತಾಡುತ್ತಿದ್ದೇವೆ ಎಂದುಕೊಂಡು ಬರೆಯುತ್ತ ಹೋದೆ. 'ಉಳ್ಳಾಗಡ್ಡಿ ಸಿಪ್ಪಿ ಬಣ್ಣ. ಫೋಟೊದಾಗ ಛಲೋ ಕಾಣತೈತಿ. ಮಡಿಕಿ ಜಾಗಾದಾಗ ಬಣ್ಣ ಹೋಗೇತಿ, ಮಗಾ ಅದನ್ನ ಒಳಗ ತಿರವಿ ಇಟ್ಟಾನ. ತಗೋಬ್ಯಾಡ್ರಿ.' 'ಅರಿಷಿಣ ಬಣ್ಣ. ಉಟ್ಟು ನಿಂತಾಕಿ ನಮ್ಮ ಸೊಸಿ ತಂಗಿ. ಸೀರಿ ಛಂದ ಐತಿ. ಹುಡುಗಿ ಮಾತ್ರ ಹಲ್ಲು ನೋಯಾಕತ್ತವರಂಗ ನಿಂತಾಳ. ಅದು ಸೀರಿ ತಪ್ಪಲ್ಲ.' 'ಗಿಳಿ ಹಸರು, ಕೆಂಪ ದಡಿ. ಭಾಳ ಢಾಳ. ವಯಸ್ಸಾದವರು ಉಟ್ರ ಮಂದಿ ತಿರುಗಿ ನೋಡ್ತಾರ. ನಿಮಗ ಬ್ಯಾಡ್ರಿ ಟೀಚರ.' 'ನೇರಳಿ ಹಣ್ಣಿನ ಬಣ್ಣ, ಸಣ್ಣ ದಡಿ. ಸಭ್ಯ ಐತಿ. ಇದನ್ನ ತಗೋರಿ.'

ಟೀಚರ್ ಫೋನಿನಲ್ಲಿ ನಕ್ಕದ್ದು ನಮ್ಮ ಅಡುಗೆಮನೆಯ ತನಕ ಕೇಳಿಸಿತು. "ಅವ್ವಾರ, ಇವತ್ತ ಮೊದಲ ಸಲ ನಾ ಅಂಗಡಿ ಹೊಕ್ಕಂಗ ಆತ್ರಿ. ಎರಡು ದಿನ ಟೈಮ್ ಕೊಡ್ರಿ, ಆರಸ್ತೇನಿ" ಎಂದರು. ನೇರಳೆ ಸೀರೆಯನ್ನು ಬೇರೆ ಯಾರಿಗೂ ಕೊಡಬೇಡ ಎಂದು ನಾನು ಮಗನಿಗೆ ಆಗಲೇ ಹೇಳಿಯೂಬಿಟ್ಟೆ.

ಇನ್ನು ನೆಟ್‌ವರ್ಕಿನ ಕಥೆ. ವೆಬ್‌ಸೈಟ್ ಮಾಡಿದಾಕೆ ನಮಗೆ ಒಂದು ಮಾತು ಹೇಳಿರಲಿಲ್ಲ, ಅಥವಾ ಹೇಳಿದಾಗ ನಾನು ಬೇಳೆ ನೋಡಲು ಎದ್ದು ಹೋಗಿದ್ದೆ. ಫೋಟೊದ ಹಿಂದೆ ಬರೆದದ್ದು ಫೋಟೊ ಇರುವ ತನಕ ಮಾತ್ರ ಮರೆ. ನೆಟ್‌ವರ್ಕ್ ಸರಿ ಇಲ್ಲದೆ ಫೋಟೊ ಬರದೆ ಹೋದರೆ, ಆ ಜಾಗದಲ್ಲಿ ಬರೆದ ಮಾತು ಬಂದು ಕೂಡುತ್ತದೆ. ಬಬಲೇಶ್ವರದಲ್ಲಿ ಶೋಭಾಳ ತವರುಮನೆ. ಅವತ್ತು ಅಲ್ಲಿ ನೆಟ್‌ವರ್ಕ್ ಸತ್ತ ಹಾಗೇ ಇತ್ತು. ಬೀಗತಿ, ಎಂದರೆ ಶೋಭಾಳ ತಾಯಿ, ಸಣ್ಣ ಮಗಳ ಫೋಟೊ ನೋಡಬೇಕೆಂದು ಪಕ್ಕದ ಮನೆಯವರನ್ನೂ ಕೂಡಿಸಿಕೊಂಡು ವೆಬ್‌ಸೈಟ್ ತೆಗೆದರಂತೆ. ಫೋಟೊ ಬರಲಿಲ್ಲ. ಮಾತು ಬಂತು.

ಸಂಜೆ ಮಗ ಅಂಗಡಿಯಿಂದ ಆಗಷ್ಟೇ ಬಂದು ಕೂತಿದ್ದ. ಶೋಭಾಳ ಫೋನು ರಿಂಗಾಯಿತು. ರೊಟ್ಟಿ ಬಡಿಯುತ್ತಿದ್ದ ಅವಳು ಸ್ಪೀಕರ್ ಹಚ್ಚಿದಳು. "ಶೋಭಾ, ನಿನ್ನ ತಂಗಿಗೆ ಹಲ್ಲು ನೋಯಾಕತ್ತಾವಂತಲ್ಲ? ನನಗ ಹೇಳೇ ಇಲ್ಲ ಆಕಿ. ನಿಮ್ಮ ಅಂಗಡಿಯವರು ಬರದಾರ, ಬಬಲೇಶ್ವರ ತುಂಬ ಓದಾಕತ್ತಾರ." ಬೀಗತಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆ ಆಯಿತು. "ಬರದವರು ಆರಾಮ ಅದಾರೇನು? ಅವರಿಗೆ ನನ್ನ ಶರಣು ಹೇಳು."

ಗಂಡ ಹೆಂಡತಿ ಕೂತು ಎಲ್ಲವನ್ನೂ ಓದಿದರು. ಉಳ್ಳಾಗಡ್ಡಿ ಸಿಪ್ಪೆಯ ಸೀರೆಗೆ ಬಂದಾಗ ಮಗ ಎದ್ದು ನಿಂತ.

"ಯವ್ವಾ, ನೀ ನನ್ನ ಅಂಗಡಿಗೆ ವೈರಿ ಏನಬೇ?"

"ಬಣ್ಣ ಹೋಗಿದ್ದು ಸುಳ್ಳೇನಲೇ ಮಲ್ಲೂ?"

"ಸುಳ್ಳಲ್ಲ. ಹೇಳೂದ್ಯಾಕ? ಎಲ್ಲಾ ಅಳಸು. ಮೊದಲಿದ್ದಂಗ ನಯನಮನೋಹರ ಇರಲಿ."

ಟೀಚರ್ ಇನ್ನೂ ಆರಿಸಿರಲಿಲ್ಲ. ಅಳಿಸಿದರೆ ಅವರ ಫೋನಿನಲ್ಲಿ ಮತ್ತೆ ಅದೇ ಭಜನೆ, ಸತ್ಕಾರದ ದಿನ ಮೈಮೇಲೆ ಅದೇ ಬೂದಿ ಬಣ್ಣ. ಶೋಭಾ ನನ್ನ ಪರ ನಿಲ್ಲುತ್ತಾಳೆ ಎಂಬ ಆಸೆ ಇರಲಿಲ್ಲ, ಅವಳ ತಂಗಿಯ ಹಲ್ಲಿನ ವಿಷಯ ಅದು. ಆದರೆ ಅವಳು ಕೈಯ ಹಿಟ್ಟು ಒರೆಸಿಕೊಂಡು ಗಂಡನಿಗೆ ಹೇಳಿದಳು: "ಅಂಗಡಿಗೆ ಬಂದವರು ಮಡಿಕಿ ಬಿಚ್ಚಿ, ಬಾಗಲದಾಗ ಒಯ್ದು, ಬಿಸಲಿಗೆ ಹಿಡದು ನೋಡ್ತಾರಲ್ರೀ? ಅವರಿಗೆ ಬ್ಯಾಡ ಅಂತೀರೇನು? ಹಂಗಾರ ಈ ಟೀಚರ್ ಹೆಂಗ ನೋಡಬೇಕು? ಮಡಿಕಿ ವಿಷಯ ಇರಲಿ." ಆಮೇಲೆ ನನ್ನ ಕಡೆ ತಿರುಗಿದಳು. "ಅತ್ತೀ, ನೀವು ಮಾತ್ರ ನನ್ನ ತಂಗಿ ಹಲ್ಲು ಕೀಳ್ರಿ. ಈಗ, ನನ್ನ ಮುಂದ."

ನಾನು ಕನ್ನಡಕ ಏರಿಸಿ ಹಲ್ಲು ಕೀಳುತ್ತಿರುವಾಗಲೇ ಟೀಚರ್ ಫೋನು ಬಂತು. ಮಗನೇ ಎತ್ತಿದ. ಅಂಗಡಿಯಲ್ಲಿ ಅವನು ಟೀಚರನ್ನು ಬಿಟ್ಟು ನಾದಿನಿಗೆ ಕೇಳಿದ ವಿಷಯ ನಾನು ಅವನ ಮುಂದೆ ಎತ್ತಿರಲಿಲ್ಲ, ಶೋಭಾ ಹೇಳಿದ್ದಳೋ ಏನೋ. ಮೆತ್ತಗೆ ಕೇಳಿದ: "ನಿಮಗ ಯಾವ ಬಣ್ಣ ಬೇಕ್ರಿ ಟೀಚರ?"

"ಗಿಳಿ ಹಸರು. ಕೆಂಪ ದಡಿದು."

ನಾನು ಕೂತಲ್ಲಿಂದಲೇ ಕೂಗಿದೆ. "ಅದು ಬ್ಯಾಡಂತ ಬರದೇನಲ್ರೀ! ಮಂದಿ ತಿರುಗಿ ನೋಡ್ತಾರ!"

"ಅದಕ್ಕ ತಗೊಳ್ಳಾಕತ್ತೇನ್ರಿ ಅವ್ವಾರ. ಇಷ್ಟ ವರ್ಷ ಬೂದಿ ಬಣ್ಣ ಉಟ್ಟು ಗ್ವಾಡಿಯಂಗ ನಿಂತೇನಿ. ಒಂದಿನ ತಿರುಗಿ ನೋಡಲಿ. ಮತ್ತ ಬ್ಯಾಡ ಅನ್ನಾಕ ಮನ್ಯಾಗ ನಾದಿನಿ ಅದಾಳ, ನೀವ್ಯಾಕ ತ್ರಾಸ ತಗೋತೀರಿ?"

ಶೋಭಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸೀರೆಗೆ ಬಾಯಿ ಕೊಟ್ಟೆ ಎಂದು ಬೀಗುತ್ತಿದ್ದವಳು ನಾನು. ಆ ಬಾಯಲ್ಲಿ ಆಡಿದ್ದು ಮಾತ್ರ ಟಿಕೋಟಾದ ನಾದಿನಿ ಆಡುವ ಮಾತನ್ನೇ. ಅವಳು ಬೂದಿ ಅಂದಳು, ನಾನು ನೇರಳೆ ಅಂದೆ, ಅಷ್ಟೇ ವ್ಯತ್ಯಾಸ.

ಸತ್ಕಾರ ಮುಗಿದ ಮೇಲೆ ಟೀಚರ್ ಫೋನು ಮಾಡಿ, ಮಂದಿ ತಿರುಗಿ ನೋಡಿದರು ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನಾ ಒಳಗ ಹೋದಾಗ ಮಾತು ನಿಂತ್ವು ಅವ್ವಾರ" ಎಂದರು. ಯಾರು ಆರಿಸಿದ್ದು ಎಂದು ನಾದಿನಿ ಕೇಳಿದಾಗ, ಇನ್ನೊಮ್ಮೆ ಜೋರಾಗಿ ಕೇಳು ಎಂದು ಹೇಳಿ, ಸಭೆಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರಂತೆ.

ಈಗ ಮನೆಯಲ್ಲಿ ಒಂದು ಕಟ್ಟಳೆ ಇದೆ. ಬಣ್ಣ, ದಡಿ, ಸೆರಗು, ಮಡಿಕೆ, ಕಲೆ, ಎಲ್ಲವನ್ನೂ ಕಂಡ ಹಾಗೆ ಬರೆಯಬೇಕು. ಯಾರಿಗೆ ಒಪ್ಪುತ್ತದೆ ಎನ್ನುವುದನ್ನು ಕೇಳಿದರೆ ಮಾತ್ರ ಹೇಳಬೇಕು. ಮೊನ್ನೆ ಶೋಭಾ ವೆಬ್‌ಸೈಟಿನಲ್ಲಿ ನನ್ನದೂ ಒಂದು ಫೋಟೊ ಹಾಕಿ, ಅದರ ಹಿಂದಿನ ಮಾತನ್ನು ತಾನೇ ಬರೆದಳು. ಏನು ಬರೆದಿ ಎಂದರೆ "ಕಂಡದ್ದು ಕಂಡಂಗ ಬರದೇನಿ ಅತ್ತೀ" ಎಂದಳೇ ಹೊರತು ತೋರಿಸಲಿಲ್ಲ. ಅಥಣಿ ರಸ್ತೆಯಲ್ಲಿ ನೆಟ್‌ವರ್ಕಿಗೆ ಏನೂ ಕೊರತೆ ಇಲ್ಲ, ನನ್ನ ಮುಖ ಥಟ್ಟನೆ ಬಂದು ಮಾತನ್ನು ಮುಚ್ಚಿಬಿಡುತ್ತದೆ. ಕಡೆಗೆ ತಮ್ಮನ ಹೆಂಡತಿಯನ್ನು ನೋಡುವ ನೆಪ ಮಾಡಿ ನಿಡೋಣಿಗೆ ಹೋದೆ. ಅವರ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಸಿಗ್ನಲ್ಲು ಸರಿಯಾಗಿ ಬರುವುದಿಲ್ಲ ಎಂದು ಮೊದಲಿಂದ ಗೊತ್ತಿತ್ತು. ಎಮ್ಮೆಯ ಪಕ್ಕ ನಿಂತು ವೆಬ್‌ಸೈಟ್ ತೆಗೆದೆ. ಬಹಳ ಹೊತ್ತು ತಿರುಗಿತು. ಕಡೆಗೆ ಫೋಟೊ ಬರಲಿಲ್ಲ, ಮಾತು ಬಂತು.

'ನಮ್ಮ ಅತ್ತಿ. ಹಸಿರು ಇಳಕಲ್ ಸೀರಿ, ದೊಡ್ಡ ಕುಂಕುಮ, ಕನ್ನಡಕ. ಬಾಯಿ ಮುಚ್ಚೇತಿ. ಫೋಟೊದಾಗ ಮಾತ್ರ.'

ಹಿಂದೆ ಬಂದು ನಿಂತಿದ್ದ ತಮ್ಮನ ಹೆಂಡತಿ, "ಏನ್ ಬಂದೇತಿ ಅಕ್ಕಾ, ನನಗೂ ತೋರಸ್ರಿ" ಎಂದು ಬಗ್ಗಿದಳು. ನಾನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಟ್‌ವರ್ಕ್ ಇಲ್ಲ, ಏನೂ ಬಂದಿಲ್ಲ ಎಂದೆ.