ಪಂಚಮಿಗೆ ದಪ್ಪ ಟೈರು

ಇಡೀ ನಿಜಾಮರ ರಾಜ್ಯದಲ್ಲಿ ಬೇವಿನ ಗಿಡವನ್ನೇ ಬ್ರೇಕು ಮಾಡಿಕೊಂಡು ಸೈಕಲ್ ಹೊಡೆದವರು ನಮ್ಮ ಮಾಮಾ ಒಬ್ಬರೇ ಎಂದರೆ ನೀವು ನಗುತ್ತೀರಿ. ನಗಿರಿ, ನನ್ನದೇನೂ ಅಡ್ಡಿಯಿಲ್ಲ. ನಾನು ಮಾತ್ರ ಆ ಸೈಕಲ್ಲನ್ನು ನೆನೆದರೆ ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮಾಮಾ ಎಂದರೆ ನಮ್ಮ ಅವ್ವನ ಅಣ್ಣ. ನಾರಾಯಣಖೇಡದ ಸರ್ಕಾರಿ ಶಾಲೆಯಲ್ಲಿ ಲೆಕ್ಕದ ಮಾಸ್ತರರು. ಲೆಕ್ಕ ಅವರಿಗೆ ಬರಿ ಪಾಠವಲ್ಲ, ವ್ರತ! ಊಟಕ್ಕೆ ಕೂತರೆ ರೊಟ್ಟಿಯ ಅಂಚಿನಲ್ಲಿ ಬೆರಳಾಡಿಸಿ, ಇದು ಪೂರ್ತಿ ಗುಂಡಗಿಲ್ಲ ಎಂದು ಬಡಿದವರಿಗೇ ಹೇಳುವವರು. ಅಂಥವರ ಕೈಗೆ ಹೈದರಾಬಾದಿನಲ್ಲಿ ಯಾರೋ ದೊರೆ ಬಿಟ್ಟುಹೋದ ರೇಸಿನ ಸೈಕಲ್ ಸಿಕ್ಕಿತ್ತು. ಟಗರಿನ ಕೊಂಬಿನಂತೆ ಕೆಳಕ್ಕೆ ಸುತ್ತಿದ ಹ್ಯಾಂಡಲ್, ನನ್ನ ಹೆಬ್ಬೆರಳಿನಷ್ಟೇ ದಪ್ಪದ ಟೈರು. ಗಟ್ಟಿ ನೆಲದ ಮೇಲೆ ಅದು ಗಾಳಿಯಂತೆ ಹೋಗುತ್ತಿತ್ತು. ಆದರೆ ಖೇಡದಿಂದ ನಮ್ಮ ಜಹೀರಾಬಾದಿಗೆ ಬರುವ ಹಾದಿಯ ತುಂಬ ಕರಿ ಎರೆ ಮಣ್ಣು. ಮಳೆ ಬಿತ್ತೆಂದರೆ ಮೋಟಾರು ಬಂದ್, ಬಂಡಿ ಬಂದ್. ಆ ತೆಳು ಟೈರು ಮಣ್ಣಿನೊಳಗೆ ಹೇಗೆ ಇಳಿಯುತ್ತಿತ್ತು? ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ!

ಹಾಗೆ ಇಳಿದದ್ದರಿಂದಲೇ ಒಂದು ಶ್ರಾವಣದಲ್ಲಿ ಮಾಮಾ ನಮ್ಮ ಮನೆ ಮುಟ್ಟುವ ಹೊತ್ತಿಗೆ ಪಂಚಮಿ ಮುಗಿದುಹೋಗಿತ್ತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬೇಕು. ಆದರೆ ತಾನಾಗಿ ಹೊರಡುವಂತಿಲ್ಲ, ಅಣ್ಣನೋ ತಮ್ಮನೋ ಕರೆಯಲು ಬರಬೇಕು. ಆ ವರ್ಷ ಅವ್ವ ಎಳ್ಳುಂಡಿ ಕಟ್ಟಿಟ್ಟು, ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ಕೂತಿದ್ದಳು. ಆಮೇಲೆ ಎದ್ದು ಸೀರೆ ಬದಲಿಸಿದಳು. ನಮ್ಮ ಓಣಿಯ ಹುತ್ತಕ್ಕೇ ಹೋಗಿ, ಅವ್ವನ ಪಾಲು, ಅಪ್ಪನ ಪಾಲು ಎಂದು ಹಾಲೆರೆದಳು. ಅಣ್ಣನ ಪಾಲು ಎನ್ನುವಾಗ ಅವಳ ಕೈ ಒಂದಿಷ್ಟು ತಡೆದದ್ದು ಪಕ್ಕದಲ್ಲಿದ್ದ ನನಗೆ ಕಂಡಿತ್ತು. ಮಾಮನಿಗೂ ಯಾರೋ ಹೇಳಿರಬೇಕು.

ಬೇರೆ ಯಾರೇ ಆಗಿದ್ದರೂ ಏನು ಮಾಡುತ್ತಿದ್ದರು? ಆ ಸೈಕಲ್ ಮಾರಿ ದಪ್ಪ ಟೈರಿನ ಸಾದಾ ಸೈಕಲ್ ತರುತ್ತಿದ್ದರು. ಮಾಮಾ ಲೆಕ್ಕ ಹಾಕಲು ಕೂತರು!

ಚೈತ್ರದಲ್ಲಿ ನಮ್ಮ ಮನೆಗೆ ಬಂದವರು ಅವ್ವನ ಕೈಯಿಂದ ಒಂದು ಗಾಜಿನ ಬಳೆ ತೆಗೆಸಿದರು, ನನ್ನ ಕೈಯಿಂದ ಒಂದು ಪುಟ್ಟ ಬಳೆ. ಅವ್ವ ಬತ್ತಿ ಹೊಸೆಯುತ್ತಿದ್ದ ಹತ್ತಿಯನ್ನು ನನ್ನ ಬಳೆಯ ಸುತ್ತ ದಪ್ಪಗೆ ಸುತ್ತಿ ಅವ್ವನ ಬಳೆಯ ಮೇಲಿಟ್ಟರು. ಹೊರಗಿನ ಅಳತೆ ಎರಡಕ್ಕೂ ಒಂದೇ!

“ತಿಳೀತೇನವ್ವಾ? ಚೌಕಟ್ಟಿನಾಗ ದಪ್ಪ ಟೈರಿಗಿ ಜಾಗ ಇಲ್ಲ. ಗಾಲೀನೇ ಸಣ್ಣದ್ ಹಾಕಿದ್ರ ಜಾಗ ತಾನೇ ಆಗ್ತದ.”

ಮುಂದೆ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರು ಕರಿಹಲಗೆಯ ಮೇಲೆ ಒಂದು ವೃತ್ತದೊಳಗೆ ಇನ್ನೊಂದು ವೃತ್ತ ಬರೆದಾಗ ನನಗೆ ಹತ್ತಿಯ ವಾಸನೆ ಬಂತೆಂದರೆ ನಂಬುತ್ತೀರಾ? ಅಂದು ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅವ್ವ ಬಳೆ ಏರಿಸಿಕೊಳ್ಳುತ್ತ ಕೇಳಿದ್ದು ಇಷ್ಟೇ:

“ಅದೆಲ್ಲಾ ಇರ್ಲಿ ಅಣ್ಣಾ. ಪಂಚಮಿಗಿ ಬರ್ತಿ ಇಲ್ಲ?”

“ಬರ್ತೀನಿ. ನಿನ್ನ ಕಾಲಿಗಿ ಮಣ್ಣು ಹತ್ತಗೊಡಲ್ದಂಗ ಕರ್ಕೊಂಡು ಹೋಗ್ತೀನಿ.”

ಅಂಥ ಸಣ್ಣ ಗಾಲಿ ಸಿಗಬೇಕಲ್ಲ! ಕೊನೆಗೆ ತಾಂಡೂರಿನ ಹಳೆ ಕಬ್ಬಿಣದ ರಾಶಿಯಲ್ಲಿ ಸಿಕ್ಕವು. ಯಾವ ಕಾಲದಲ್ಲೋ ಪೆಟ್ಟಿಗೆ ಹೊತ್ತು ತಿರುಗಿದ ಸಾಮಾನಿನ ಸೈಕಲ್ಲಿನವು. ಆ ಅಳತೆಯನ್ನು ಕಂಡವರೇ ಇರಲಿಲ್ಲ. ಕುದುರೆಗೆ ಎತ್ತಿನ ಕಾಲು ಜೋಡಿಸಲು ಹೊರಟಿದ್ದೀರಿ ಮಾಸ್ತರ್ ಸಾಬ್ ಎಂದು ಅಲ್ಲಿಯ ಮಿಸ್ತ್ರಿ ನಕ್ಕನಂತೆ. ಆದರೂ ಕೂಡಿಸಿಕೊಟ್ಟ. ಟ್ಯೂಬು ತೂತಾದರೆ ಬದಲಿ ಎಲ್ಲಿ ಸಿಗಬೇಕು? ತೇಪೆಯ ಮೇಲೆ ತೇಪೆ ಬಿದ್ದು, ಸ್ವಲ್ಪ ದಿನಕ್ಕೆ ಅದರಲ್ಲಿ ಟ್ಯೂಬು ಯಾವುದು, ತೇಪೆ ಯಾವುದು ಎಂದು ಮಾಮಾ ಕೂಡ ಲೆಕ್ಕ ಬಿಟ್ಟರು.

ಹೊಸ ಗಾಲಿಯ ಸವಾರಿ ತೋರಿಸಲು ಬೇಸಿಗೆಯಲ್ಲಿ ಮತ್ತೆ ನಮ್ಮಲ್ಲಿಗೆ ಬಂದರು. ಏನು ಠೀವಿ! ಹ್ಯಾಂಡಲ್ಲಿಗೂ ವಿಭೂತಿ, ಹಣೆಗೂ ವಿಭೂತಿ. ಅಂಗಳಕ್ಕೆ ಬಂದರು, ಬಂದವರು ನಿಲ್ಲಲಿಲ್ಲ. ಬೇವಿನ ಗಿಡವನ್ನು ಸುತ್ತಿದರು, ಮತ್ತೆ ಸುತ್ತಿದರು, ಸುತ್ತುತ್ತಲೇ ಅಪ್ಪನ ಕ್ಷೇಮ ವಿಚಾರಿಸಿದರು! ಕಡೆಗೆ ಗಿಡವನ್ನೇ ತಬ್ಬಿ ನಿಂತರು. ಗಾಲಿ ಸಣ್ಣದಾಗಿತ್ತಲ್ಲ, ಬ್ರೇಕಿನ ರಬ್ಬರುಗಳು ರಿಮ್ಮನ್ನು ಮುಟ್ಟುತ್ತಿರಲಿಲ್ಲ. ಗಾಳಿಯನ್ನು ಒತ್ತಿ ಹಿಡಿಯುತ್ತಿದ್ದವು.

ನಮ್ಮ ಆಯಿ, ಅಪ್ಪನ ಅವ್ವ, ಬಲು ಬಿಗಿ ಹೆಂಗಸು. ಜೋಳ ಹಸನು ಮಾಡುತ್ತ ತಲೆ ಎತ್ತದೆ ಹೇಳಿದರು: “ಬೀಗರ, ಮುಂದಿನ ಸರ್ತಿ ಗಿಡಾನೂ ಜೋಡಿ ತರ್ರಿ.”

ಆಮೇಲೆ ಮಾಮಾ ಕಮ್ಮಾರನ ಹತ್ತಿರ ಕಬ್ಬಿಣದ ಪಟ್ಟಿ ಬಡಿಸಿ ಬ್ರೇಕನ್ನು ಕೆಳಗಿಳಿಸಿಕೊಂಡರು, ಅವ್ವ ಕೂಡಲು ಹಿಂದೆ ಒಂದು ಕ್ಯಾರಿಯರನ್ನೂ ಕೂಡಿಸಿಕೊಂಡರು. ಈಗ ಯಾವುದಕ್ಕೂ ಕೊರತೆಯಿಲ್ಲ, ಮಳೆಯೊಂದು ಬರಲಿ ಎಂದರು. ಮಳೆ ಬಂತು. ಆ ವರ್ಷ ಎಂಥ ಮಳೆ! ಹೋದ ವರ್ಷದ್ದು ಅದರ ಮುಂದೆ ಬರಿ ತುಂತುರು.

ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ. ಒಲೆಯ ಮುಂದೆ ಆಯಿ ರೊಟ್ಟಿ ಬೇಯಿಸುತ್ತಿದ್ದರು. ಅವ್ವ ಬಡಿದು ಕೊಡುತ್ತಿದ್ದಳು. ಬಡಿಯುವ ಸದ್ದು ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವಳು ಬಾಗಿಲ ಕಡೆ ನೋಡುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಇಂಥ ಕೆಸರಲ್ಲಿ ಯಾರು ಬಂದಾರು ಎಂದು ಅಪ್ಪ ಗೊಣಗಿದರು.

ನಾನು ಕಟ್ಟೆಯ ಮೇಲಿದ್ದೆ. ಓಣಿಯ ತುದಿಯಲ್ಲಿ ಒಂದು ಪ್ರಾಣಿ ಕಂಡಿತು. ಟಗರಿನ ಕೊಂಬು, ಕಿವಿಯ ಎರಡೂ ಬದಿಗೆ ಮಣ್ಣಿನ ದೊಡ್ಡ ಚಕ್ರ, ಕೆಳಗೆ ಮನುಷ್ಯನ ಕಾಲು! ಹತ್ತಿರ ಬಂದಾಗ ನೋಡಿದರೆ ಮಾಮಾ. ಸೈಕಲ್ ಹೆಗಲ ಮೇಲಿತ್ತು.

ಆಯಿ ಹೊರಗೆ ಬಂದು ನೋಡಿದರು. “ಸೈಕಲ್ ಮ್ಯಾಲ ನೀವು ಬರ್ತೀರಿ ಅಂದಿದ್ರಿ ಬೀಗರ. ನಿಮ್ಮ ಮ್ಯಾಲ ಸೈಕಲ್ ಬಂದದಲ್ರಿ.”

“ಲೆಕ್ಕ ಖರೇನೇ ಅದ ಅತ್ತೆವ್ವ,” ಎಂದರು ಮಾಮಾ, ಏದುಸಿರು ಬಿಡುತ್ತ. “ಟೈರು ಹುಗೀಲಿಲ್ಲ. ಮಣ್ಣ ಮ್ಯಾಲೇ ಹೋಯ್ತು. ಆದ್ರ ನಾ ಲೆಕ್ಕ ಮಾಡಿದ್ದು ಚೈತ್ರದಾಗ.”

ನೋಡಿದರೆ ಆದದ್ದೇ ಅದು. ದಪ್ಪ ಟೈರು ಚೌಕಟ್ಟಿನೊಳಗೆ ಕೂದಲೆಳೆಯಷ್ಟು ಸಂದು ಬಿಟ್ಟು ಕೂತಿತ್ತು. ಒಣ ನೆಲದ ಲೆಕ್ಕಕ್ಕೆ ಅಷ್ಟು ಸಾಕು. ಎರೆ ಮಣ್ಣು ಆ ಸಂದಿಯಲ್ಲಿ ಮೆತ್ತಿ ಮೆತ್ತಿ ಗಾಲಿ ತಿರುಗದ ಹಾಗೆ ಕಚ್ಚಿಕೊಂಡಿತ್ತು. ಮುಕ್ಕಾಲು ಹಾದಿ ಅವರು ಅದನ್ನು ಹೊತ್ತೇ ಬಂದಿದ್ದರು.

ಅವ್ವನ ಕೈಯೆಲ್ಲ ಹಿಟ್ಟು. ಮಾಮನ ಹೆಗಲ ಮೇಲೆ ಅಂಗಿ ಸವೆದು ಹರಿದ ಜಾಗವನ್ನೇ ನೋಡುತ್ತಿದ್ದಳು. “ಹಾದ್ಯಾಗ ಯಾರ್ ಮನ್ಯಾಗರ ಇಟ್ಟು ಬರಬಾರ್ದಾಗಿತ್ತಾ ಅಣ್ಣಾ?”

“ಇಟ್ಟು ಬಂದ್ರ ನಿನ್ನ ಯಾದರ ಮ್ಯಾಲ ಕೂಡ್ಸಿ ಒಯ್ಲವ್ವಾ? ಮಣ್ಣು ಹತ್ತಗೊಡಲ್ಲ ಅಂದೀನಲ್ಲ.”

ಯಾರೂ ನಗಲಿಲ್ಲ. ಆಯಿ ಒಳಗೆ ಹೋದರು.

ಮರುದಿನ ಬೆಳಗ್ಗೆ ನಾವು ಹೊರಟೆವು. ಹೊರಡುವಾಗ ಆಯಿ ಅವ್ವನಿಗೆ ಕುಂಕುಮ ಹಚ್ಚಿ, ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿಯನ್ನು ಅವಳ ಕೈಗಿಟ್ಟರು. ಅದನ್ನು ಯಾರೂ ಮುಟ್ಟಲು ಬಿಡದ ಆಯಿ! “ಹಿಂದಿನ ಗಾಲಿ ಕೆರೀತಾ ಕೂಡು,” ಎಂದರು.

ಮುಂದಿನ ಡಂಡಿಯ ಮೇಲೆ ನಾನು. ಹಿಂದಿನ ಕ್ಯಾರಿಯರಿನಲ್ಲಿ ಇಳಕಲ್ ಸೀರೆಯ ಅವ್ವ, ಬಗ್ಗಿ ಬಗ್ಗಿ ಗಾಲಿಯ ಮಣ್ಣು ಕೆರೆಯುತ್ತ. ಮುಂದಿನ ಗಾಲಿಗೆ ಮಾಮನ ಕೈಯಲ್ಲೊಂದು ಕಡ್ಡಿ. ಅವರು ಹತ್ತಲೇ ಇಲ್ಲ, ಮೊಳಕಾಲ ಮಟ್ಟ ಕೆಸರಿನಲ್ಲಿ ತಳ್ಳುತ್ತ ನಡೆದರು. ನಡೆಯುತ್ತ, ಸಂದು ಎಷ್ಟು ಬಿಡಬೇಕಿತ್ತೆಂದು ಹೊಸ ಲೆಕ್ಕ ಹೇಳುತ್ತಿದ್ದರು. ಅವ್ವ ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದಳು.

ಖೇಡ ಹತ್ತಿರವಾದಾಗ ನಾನು ಅವರ ತೋಳಿನ ಸಂದಿಯಿಂದ ಹಿಂದೆ ತಿರುಗಿ ನೋಡಿದೆ. ಕರಿ ಮಣ್ಣಿನಲ್ಲಿ ದಪ್ಪ ಟೈರಿನ ಒಂದು ಅಗಲವಾದ ಗುರುತು ಉದ್ದಕ್ಕೂ ಬಂದಿತ್ತು. ಅದರ ಪಕ್ಕದಲ್ಲಿ ಒಬ್ಬರದೇ ಹೆಜ್ಜೆಗಳು, ಆಳವಾಗಿ ಹುಗಿದವು. ಅವ್ವನ ಹೆಜ್ಜೆ ಎಲ್ಲೂ ಇರಲಿಲ್ಲ.