ಸಾರಿನ ಪುಡಿಯ ಘಾಟೂ ನನ್ನ ನೆಗೆಟಿವ್ ರಿಪೋರ್ಟೂ

ವಾದ ಮಾಡುವ ಚಟಕ್ಕೆ ಇನ್ನೂ ಯಾರೂ ಲಸಿಕೆ ಕಂಡುಹಿಡಿದಿಲ್ಲ. ಕಂಡುಹಿಡಿದರೂ ತೋಳು ಚಾಚುವ ಮೊದಲು ನಾನು ಅದರ ಅಗತ್ಯವನ್ನೇ ಪ್ರಶ್ನಿಸುತ್ತೇನೆ ಎಂಬುದು ಬೇರೆ ಮಾತು. ಮೈಸೂರಿನಲ್ಲಿ ಓದುವಾಗ ನಮ್ಮ ಕಾಲೇಜಿಗೆ ಚರ್ಚಾಸ್ಪರ್ಧೆಯ ಪರ್ಯಾಯ ಫಲಕ ತಂದುಕೊಟ್ಟವಳು ನಾನು. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂಬುದು ಚೀಟಿ ಎತ್ತಿದ ಮೇಲಷ್ಟೇ ತಿಳಿಯುತ್ತಿತ್ತು. “ನಿನ್ನ ಸ್ವಂತ ಅಭಿಪ್ರಾಯ ಮನೇಲಿಟ್ಟು ಬಾಮ್ಮ” ಎನ್ನುತ್ತಿದ್ದರು ತರಬೇತಿ ಕೊಡುತ್ತಿದ್ದ ಮೇಷ್ಟ್ರು. ನಾನು ಎಷ್ಟು ವಿಧೇಯ ಶಿಷ್ಯೆಯೆಂದರೆ, ಅದನ್ನು ಮನೆಯಲ್ಲಿ ಎಲ್ಲಿಟ್ಟೆ ಎಂಬುದೇ ಈಗ ನೆನಪಿಲ್ಲ. ಸಿಂಗಪುರಕ್ಕೆ ಬಂದು ಒನ್-ನಾರ್ತ್ ಎಂಬ ಬಡಾವಣೆಯ ಕಂಪನಿಯೊಂದರಲ್ಲಿ ಕೋಡ್ ಬರೆಯತೊಡಗಿದ ಮೇಲೂ ಚಟ ಬಿಟ್ಟಿಲ್ಲ. ಲಿಫ್ಟಿನಲ್ಲಿ ಯಾರಾದರೂ “ಇವತ್ತು ಸೆಕೆ ಅಲ್ವಾ” ಎಂದರೆ, “ಯಾವುದಕ್ಕೆ ಹೋಲಿಸಿ?” ಎಂದು ಕೇಳಿ, ಹುಟ್ಟಬೇಕಾಗಿದ್ದ ಸ್ನೇಹವನ್ನು ಗ್ರೌಂಡ್ ಫ್ಲೋರ್ ತಲುಪುವ ಮೊದಲೇ ಮುಗಿಸಿದವಳು ನಾನು.

ಕೊರೋನಾ ಕಾಲ ಇಂಥವರಿಗೆ ಸುಗ್ಗಿ, ಅದೂ ಮನೆಯ ವಾಟ್ಸಾಪ್ ಗುಂಪಿನಲ್ಲಿ. ನನ್ನ ಸೋದರಮಾವ ಶ್ರೀಕಂಠ ಮಾಮ ಮೊಮ್ಮಗಳ ನಾಮಕರಣಕ್ಕೆಂದು ದುಬೈಯಿಂದ ಬಂದು ನಮ್ಮ ಮೈಸೂರಿನ ಮನೆಯಲ್ಲಿ ಇಳಿದುಕೊಂಡಿದ್ದರು. ಲಸಿಕೆ ಆಗಿತ್ತು, ರಿಪೋರ್ಟ್ ನೆಗೆಟಿವ್ ಇತ್ತು. ಆದರೂ ಕೂಸಿನ ಹತ್ತಿರ ಬಿಡಬಹುದೇ ಎಂದು ಮನೆಯವರು ತಡವರಿಸುತ್ತಿದ್ದಾಗ, ಯಾರೂ ಕೇಳದಿದ್ದರೂ ನಾನು ಸಿಂಗಪುರದಿಂದ ವಿಡಿಯೋ ಕಾಲ್ ಮಾಡಿ ವಾದ ಮಂಡಿಸಿದೆ. “ನೆಗೆಟಿವ್ ರಿಪೋರ್ಟ್ ಅಂದ್ರೆ ಒಂದು ಫೋಟೋ ಇದ್ದ ಹಾಗೆ. ಫೋಟೋದಲ್ಲಿ ಮಳೆ ಇಲ್ಲ ಅಂತ ಛತ್ರಿ ಬಿಟ್ಟು ಹೋಗ್ತೀರಾ?” ಎಲ್ಲರೂ ತಲೆದೂಗಿದರು. ಮಾಮ ಮಹಡಿಯ ಕೋಣೆಯಲ್ಲಿ ಒಬ್ಬರೇ ಕೂತು, ಕೆಳಗೆ ತೊಟ್ಟಿಲು ತೂಗುವುದನ್ನು ಫೋನಿನಲ್ಲಿ ನೋಡಿದರು. ನಾನು ಇನ್ನೊಂದು ಫಲಕ ಗೆದ್ದವಳಂತೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮರುವರ್ಷ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ನನ್ನ ಕೈಗೆ ಈಗ ಎದುರು ಪಕ್ಷದ ಚೀಟಿ ಬಂದಿತ್ತು. ಬೂಸ್ಟರ್ ಸಮೇತ ಲಸಿಕೆ ಹಾಕಿಸಿಕೊಂಡ ಆರೋಗ್ಯವಂತ ಹುಡುಗಿಯ ಮೂಗಿಗೆ ವಿಮಾನ ಹತ್ತುವ ಮೊದಲು ಕಡ್ಡಿ ತೂರಿಸುವುದು ಎಷ್ಟು ಅತಾರ್ಕಿಕ ಎಂದು ಆಫೀಸಿನವರಿಗೆಲ್ಲ ವಿವರಿಸಿದೆ. ವಿವರಣೆ ಎಷ್ಟು ಚೆನ್ನಾಗಿದ್ದರೂ ಪಾಸಿಟಿವ್ ಬಂದರೆ ವಿಮಾನವಿಲ್ಲ. ಬುಕಿತ್ ಬಾಟೋಕ್‌ನ ನನ್ನ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಕ್ಕನ ಧಾರೆಯನ್ನು ಫೋನಿನಲ್ಲಿ ನೋಡಬೇಕು. ಅಕ್ಕ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು: “ನೀನು ಬರ್ಲಿಲ್ಲ ಅಂದ್ಕೋ, ನಿನ್ನ ಮದುವೆಗೆ ನಾನೂ ಆನ್‌ಲೈನಲ್ಲೇ ಬರ್ತೀನಿ ಕಣೇ. ಕ್ಯಾಮೆರಾ ಆಫ್ ಮಾಡ್ಕೊಂಡು.”

ಹೀಗಾಗಿ ನಾನು, ಪರೀಕ್ಷೆಯನ್ನೇ ನಂಬದವಳು, ಪರೀಕ್ಷೆಗೆ ಹೆದರಿ ಮನುಷ್ಯರ ಸಹವಾಸ ಬಿಟ್ಟೆ. ಯಿಶುನ್‌ನಲ್ಲಿ ಗೆಳತಿಯೊಬ್ಬಳ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿಲ್ಲ. ಅವಳು ಪಾಪ, ಪ್ರಸಾದದ ಸಪಾದವನ್ನು ಡಬ್ಬಿಯಲ್ಲಿ ಹಾಕಿ ತಂದು ನಮ್ಮ ಬಾಗಿಲಿನ ಕಬ್ಬಿಣದ ಗೇಟಿಗೆ ನೇತುಹಾಕಿ, ಬೆಲ್ ಒತ್ತಿ ಓಡಿದಳು. ದೇವರ ಪ್ರಸಾದವನ್ನು ಹೀಗೆ ಕಳ್ಳಸಾಗಣೆ ಮಾಡಬಹುದೇ ಎಂಬ ಬಗ್ಗೆಯೂ ವಾದಿಸಬಹುದಿತ್ತು. ತುಪ್ಪ ಚೆನ್ನಾಗಿ ಸುರಿದಿದ್ದಳು, ಸುಮ್ಮನಾದೆ.

ಎಲ್ಲರನ್ನೂ ದೂರವಿಟ್ಟೆ, ಒಬ್ಬಳನ್ನು ಬಿಟ್ಟು. ನನ್ನ ಜೊತೆ ಅದೇ ಮನೆಯಲ್ಲಿರುವ ಉಡುಪಿಯ ಸುಪ್ರೀತಾ. ಪರೀಕ್ಷೆಯ ದಿನ ಬೆಳಿಗ್ಗೆಯೇ ಅವಳಿಗೆ ಸಾರಿನ ಪುಡಿ ಮುಗಿದಿರುವುದು ಕಾಣಬೇಕೆ! ಊರಿಗೆ ಹೋಗಿ ಬಹಳ ಕಾಲವಾಗಿತ್ತು, ಅಮ್ಮ ಕೊಟ್ಟ ಡಬ್ಬಿಯ ತಳ ಕಂಡಿತ್ತು. “ಅಂಗಡಿ ಪುಡಿ ನಂಗೆ ಸೇರುದಿಲ್ಲ ಮಾರಾಯ್ತಿ, ಇವತ್ತು ನಾನೇ ಹುರಿತೇನೆ” ಎಂದು ಬಾಣಲೆ ಇಟ್ಟಳು. ಎದುರುಮನೆಯ ಚೀನೀ ಆಂಟಿಗೆ ಘಾಟು ಹೋಗಬಾರದೆಂದು ಕಿಟಕಿ ಬಾಗಿಲು ಎಲ್ಲ ಭದ್ರವಾಗಿ ಮುಚ್ಚಿದಳು. ತಾನು ಮಾತ್ರ ಮಾಸ್ಕ್ ಹಾಕಿಕೊಂಡಳು.

“ನಿಂಗೆ ಟೆಸ್ಟ್ ಉಂಟಲ್ಲ, ನಾಳೆ ಹುರಿಯುದಾ?” ಎಂದು ಕೇಳಿದಳು, ಅದನ್ನು ಮುಚ್ಚಿಡಬಾರದು.

“ಮೆಣಸಿನಕಾಯಿಗೂ ವೈರಸ್ಸಿಗೂ ಏನು ಸಂಬಂಧ? ಸೈಂಟಿಫಿಕ್ ಆಗಿ ಯೋಚನೆ ಮಾಡು. ಹುರಿ” ಎಂದೆ.

ಹುರಿದಳು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಎಂದು ಹೇಳಿ ಎರಡನ್ನೂ ಹುರಿದಳು. ಮುಚ್ಚಿದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದ ಅನುಭವ ಇರುವವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಮೊದಲು ಗಂಟಲು ಕೆರೆಯಿತು, ಆಮೇಲೆ ಸೀನು, ಆಮೇಲೆ ಕರುಳು ಕಿತ್ತು ಬರುವಂಥ ಕೆಮ್ಮು. ಗಾಳಿಗೆಂದು ಹೊರಗೆ ಓಡಿದರೆ ಕಾರಿಡಾರಿನಲ್ಲಿ ಅದೇ ಎದುರುಮನೆಯ ಆಂಟಿ ಗಿಡಕ್ಕೆ ನೀರು ಹಾಕುತ್ತಿದ್ದರು. “ಆಯ್ಯೋ, ಸೋ ಬ್ಯಾಡ್ ಕಾಫ್! ಟೆಸ್ಟ್ ಆಲ್ರೆಡಿ ಆರ್ ನಾಟ್?” ಎನ್ನಬೇಕೆಂದಿದ್ದರೋ ಏನೋ, “ಆಯ್ಯೋ” ಮಾತ್ರ ಕೇಳಿಸಿತು, ಮಿಕ್ಕದ್ದು ಅವರ ಜೊತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಸುಪ್ರೀತಾ ಗೇಟಿನಿಂದ ತಲೆ ಹಾಕಿ, “ಸೈಂಟಿಫಿಕ್ ಆಗಿ ಒಂದು ಲೋಟ ನೀರು ಕೊಡ್ಲಾ?” ಎಂದಳು.

ಕ್ಲಿನಿಕ್ಕಿಗೆ ಹೋಗುವಾಗ ಕಣ್ಣು ಕೆಂಪು, ಮೂಗು ತೊಟ್ಟಿಕ್ಕುತ್ತಿತ್ತು. ನರ್ಸ್ “ಎನಿ ಸಿಂಪ್ಟಮ್ಸ್?” ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. ಇದು ರೋಗವಲ್ಲ, ಚಿಲ್ಲಿ. ಚಿಲ್ಲಿ ಹುರಿದರೆ ಹೊಗೆ, ಹೊಗೆಯಿಂದ ಕೆಮ್ಮು ಎಂದು ಕಾರಣ-ಪರಿಣಾಮಗಳನ್ನು ಕ್ರಮವಾಗಿ ಜೋಡಿಸಿದೆ. “ಎವ್ರಿಬಡಿ ಗಾಟ್ ರೀಸನ್ ಲಾ” ಎಂದು ಅವಳು ಕಡ್ಡಿಯನ್ನು ನನ್ನ ಮೂಗಿನಲ್ಲಿ ಮಿದುಳಿನ ವಿಳಾಸ ಹುಡುಕುವಂತೆ ತಿರುಗಿಸಿದಳು. ಇಷ್ಟು ಚಿಕ್ಕ ವಾಕ್ಯದಿಂದ ನನ್ನನ್ನು ಸೋಲಿಸಿದವರು ಅಂತರಕಾಲೇಜು ಮಟ್ಟದಲ್ಲೂ ಇರಲಿಲ್ಲ.

ರಿಪೋರ್ಟ್ ಬರುವವರೆಗೆ ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲು ಬೆಂಚಿನ ಮೇಲೆ ಕೂತು ಸಿದ್ಧಾಂತವೊಂದನ್ನು ರೂಪಿಸಿದೆ: ಪಾಸಿಟಿವ್ ಬಂದರೆ ಪರೀಕ್ಷೆಯನ್ನು ನಂಬುವಂತಿಲ್ಲ, ನೆಗೆಟಿವ್ ಬಂದರೆ ನಂಬಬಹುದು. ಇದರಲ್ಲೇನೋ ದೋಷವಿದೆ ಎನ್ನಿಸಿತು, ಹುಡುಕುವ ಧೈರ್ಯವಾಗಲಿಲ್ಲ. ಬದಲಿಗೆ ಚಾಮುಂಡಿಗೆ ಮನಸ್ಸಿನಲ್ಲೇ ಒಂದು ಅಪೀಲು ಹಾಕಿದೆ. ದೇವಿ ಇದ್ದಾಳೋ ಇಲ್ಲವೋ ಎಂಬ ನನ್ನ ಹಳೆಯ ಭಾಷಣವನ್ನು ಅವಳು ಕೇಳಿಸಿಕೊಂಡಿರಲಿಲ್ಲವೆಂದು ಕಾಣುತ್ತದೆ. ರಿಪೋರ್ಟ್ ನೆಗೆಟಿವ್ ಬಂತು.

ಮೈಸೂರಿನ ಮನೆಯ ಗೇಟಿನಲ್ಲಿ ಅದನ್ನು ಫಲಕದಂತೆ ಎತ್ತಿ ಹಿಡಿದೆ. ಮದುವೆಗೆಂದು ಮೊದಲೇ ಬಂದಿದ್ದ ಶ್ರೀಕಂಠ ಮಾಮ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು.

“ಎಷ್ಟು ಚೆನ್ನಾಗಿದೆಯಮ್ಮ ಫೋಟೋ” ಎಂದರು. “ಛತ್ರಿ ತಂದಿದ್ದೀಯಾ?”

ಅಮ್ಮನ ಕಡೆ ನೋಡಿದೆ. “ನೀನೇ ಅಲ್ವೇನೇ ಅವತ್ತು ಅಷ್ಟು ಚೆನ್ನಾಗಿ ಹೇಳಿದ್ದು? ಮಹಡಿ ಕೋಣೆ ಗುಡಿಸಿಟ್ಟಿದ್ದೀನಿ. ಮದುವೆಗೆ ಮುಂಚೆ ಇನ್ನೊಂದು ಟೆಸ್ಟ್ ಮಾಡಿಸೋಣ” ಎಂದಳು ಅಮ್ಮ.

ಕೆಳಗೆ ಚಪ್ಪರದ ಶಾಸ್ತ್ರ, ಬಳೆ ತೊಡಿಸುವ ಗದ್ದಲ. ಮೇಲೆ ನಾನು, ಮಾಮ ನೋಡಿದ್ದ ಅದೇ ಗೋಡೆಯನ್ನು ನೋಡುತ್ತ ಕೂತೆ. ಊಟದ ತಟ್ಟೆಯನ್ನು ಬಾಗಿಲ ಮುಂದೆ ಸ್ಟೂಲಿನ ಮೇಲಿಟ್ಟು ಮಾಮ ಹೊರಗಿನಿಂದ ಕೂಗುತ್ತಿದ್ದರು, “ವಾದ ಮಾಡಿ ಗೆದ್ದರೆ ಬಾಗಿಲು ತೆಗೀತೀನಿ ಕಣಮ್ಮ!” ಪ್ರಯತ್ನಿಸಿದೆ. ಲಸಿಕೆ, ರಿಪೋರ್ಟು, ಸಂಭವನೀಯತೆ ಎಲ್ಲ ಮುಂದಿಟ್ಟೆ. ಪ್ರತಿಯೊಂದಕ್ಕೂ ಅವರು ನಾನು ಆವತ್ತು ಆಡಿದ್ದ ಮಾತನ್ನೇ ಒಪ್ಪಿಸಿದರು, ನನಗಿಂತ ಚೆನ್ನಾಗಿ. ನಾಮಕರಣದ ದಿನ ಆ ಕೋಣೆಯಲ್ಲಿ ಬಾಯಿಪಾಠ ಮಾಡಲು ಅವರಿಗೆ ಬೇಕಾದಷ್ಟು ಸಮಯ ಸಿಕ್ಕಿತ್ತು. ಕೊನೆಗೆ “ಮಾಮ, ಆವತ್ತು ನಾನು ಸ್ವಲ್ಪ ಜಾಸ್ತಿ ಮಾತಾಡಿದೆ ಅನ್ಸುತ್ತೆ” ಎಂದೆ. ಆಮೇಲೆ ಸ್ಟೂಲಿನ ಮೇಲೆ ಇನ್ನೊಂದು ಒಬ್ಬಟ್ಟು ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ.

ಎರಡನೆಯ ರಿಪೋರ್ಟೂ ನೆಗೆಟಿವ್ ಬಂದು ಧಾರೆಯ ಹೊತ್ತಿಗೆ ಬಿಡುಗಡೆಯಾಯಿತು. ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ಪುರೋಹಿತರು ಹೋಮಕ್ಕೆ ತುಪ್ಪ ಸುರಿದರು, ಹೊಗೆ ನೇರವಾಗಿ ನನ್ನ ಮುಖಕ್ಕೇ ಬಂತು. ಗಂಟಲು ಕೆರೆಯಿತು. ನೆಂಟರಿಷ್ಟರ ಮಧ್ಯೆ ಒಂದು ಸಲ ಕೆಮ್ಮಿದರೆ ಮತ್ತೆ ಮಹಡಿಯೇ! ಉಸಿರು ಬಿಗಿಹಿಡಿದು ನುಂಗಿದೆ. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯಿತು. ವಿಡಿಯೋದವನು ಕ್ಯಾಮೆರಾವನ್ನು ವಧೂವರರಿಂದ ನನ್ನ ಕಡೆ ತಿರುಗಿಸಿದ. “ಅಕ್ಕ ಅಂದ್ರೆ ಪ್ರಾಣ ನೋಡಿ ಇವಳಿಗೆ” ಎಂದು ಅತ್ತೆಯೊಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಕ್ಕ ತಿರುಗಿ ನೋಡಿ ನನ್ನ ಕೈ ಹಿಡಿದುಕೊಂಡಳು. ಆಧಾರವಿಲ್ಲದ ತೀರ್ಮಾನವೊಂದನ್ನು ನಾನು ಪ್ರಶ್ನಿಸದೆ ಬಿಟ್ಟದ್ದು ಅದೇ ಮೊದಲು.

ಬುಕಿತ್ ಬಾಟೋಕ್‌ಗೆ ಮರಳಿದ ಮೇಲೆ, ಸಾರು ಅನ್ನ ಕಲಸುತ್ತ ಸುಪ್ರೀತಾ ಆ ವಿಡಿಯೋ ನೋಡಿದಳು. “ಎಂತ ಮಾರಾಯ್ತಿ, ನಿಂಗೂ ಅಳು ಬರ್ತದಾ?” ಎಂದಳು. ಹೊಗೆ ಕಣೇ, ಬರೀ ಹೋಮದ ಹೊಗೆ ಎಂದೆ.

“ಹೊಗೆ ಆಚೆ ಹೋಗಿ ಎಷ್ಟೊತ್ತಾಯ್ತು, ನೋಡು ಇಲ್ಲಿ” ಎಂದು ಅವಳು ವಿಡಿಯೋ ಹಿಂದಕ್ಕೆ ಓಡಿಸಿ ತೋರಿಸಿದಳು.

ನೋಡಿದೆ. ಎದುರು ವಾದ ಇದ್ದೇ ಇರುತ್ತದೆ, ಯಾವುದಕ್ಕಾದರೂ. ಆದರೆ ಸಾರು ಆರುತ್ತಿತ್ತು, ತಟ್ಟೆ ಮುಂದಕ್ಕೆಳೆದುಕೊಂಡೆ.